ಆ್ಯಪ್ ಪರೀಕ್ಷಿಸುವಾಗ ನಿಜವಾದ ಹಣ ಕಡಿತವಾಗುತ್ತದೆಯೇ? ‘ಮಾಕ್ ಆಬ್ಜೆಕ್ಟ್’ ಎಂದರೇನು?

2021ರ ಜೂನ್ 17ರಂದು ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಚಂದಾದಾರರಲ್ಲಿ ಹಲವರಿಗೆ ‘ಇಂಟಿಗ್ರೇಷನ್ ಟೆಸ್ಟ್ ಇಮೇಲ್ #1’ ಎಂಬ ಇಮೇಲ್ ಬಂತು. ಪರೀಕ್ಷಾ ಇಮೇಲ್ ತಪ್ಪಾಗಿ ಗ್ರಾಹಕರಿಗೆ ಹೋಗಿದೆ ಎಂದು ಕಂಪನಿ ಕ್ಷಮೆ ಕೇಳಿತು. ಅದು ಬರೀ ಇಮೇಲ್. ಹಣ ಪಾವತಿಸುವ ಆ್ಯಪ್‌ನಲ್ಲಿ ಹೀಗಾದರೆ?

ಹಾಗಾಗದಂತೆ ತಡೆಯಲು ಸಾಫ್ಟ್‌ವೇರ್ ತಯಾರಕರು ಬಳಸುವ ಎರಡು ಉಪಾಯಗಳನ್ನು ನೋಡೋಣ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೇನು?

ಇದು ಸೂಜಿಯ ಇಂಜೆಕ್ಷನ್ ಅಲ್ಲ! ಮಿಕ್ಸಿಯ ವೈರನ್ನು ಗೋಡೆಯೊಳಗೇ ಜೋಡಿಸಿಬಿಟ್ಟರೆ ಬೇರೆಡೆ ಒಯ್ಯಲಾಗದು. ಪ್ಲಗ್ ಇದ್ದರೆ ಯಾವ ಸಾಕೆಟ್‌ಗಾದರೂ ಹಾಕಬಹುದು. ಹಾಗೆಯೇ ಪಾವತಿಯ ಕೋಡ್ ಬ್ಯಾಂಕ್ ಸಂಪರ್ಕವನ್ನು ತಾನೇ ಸೃಷ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ಪಡೆಯುತ್ತದೆ. ಮಾರ್ಟಿನ್ ಫೌಲರ್ ಅವರ 2004ರ ಲೇಖನದಿಂದ ಈ ಹೆಸರು ಜನಪ್ರಿಯವಾಯಿತು.

ಮಾಕ್ ಆಬ್ಜೆಕ್ಟ್ ಎಂದರೇನು?

ಪರೀಕ್ಷೆಯ ಹೊತ್ತಿಗೆ ಅಸಲಿ ಬ್ಯಾಂಕ್ ಬದಲು ಜೋಡಿಸುವ ನಕಲಿ ಬ್ಯಾಂಕೇ ಮಾಕ್. ‘ಬ್ಯಾಲೆನ್ಸ್ ಇಲ್ಲ’ ಎನ್ನು, ಉತ್ತರ ತಡಮಾಡು ಎಂದು ಹೇಳಿಕೊಟ್ಟರೆ ಅದು ಹಾಗೇ ನಡೆದುಕೊಳ್ಳುತ್ತದೆ. ತನಗೆ ಎಷ್ಟು ಬಾರಿ ಕೋರಿಕೆ ಬಂತು ಎಂಬ ಲೆಕ್ಕವನ್ನೂ ಇಡುತ್ತದೆ.

ನಾವು 500 ರೂಪಾಯಿ ಕಳುಹಿಸಿದೆವು, ನೆಟ್‌ವರ್ಕ್ ಕೈಕೊಟ್ಟು ಬ್ಯಾಂಕಿನ ಉತ್ತರ ಬರಲಿಲ್ಲ ಎಂದುಕೊಳ್ಳೋಣ. ಹಣ ಹೋಗಿಲ್ಲವೆಂದು ಭಾವಿಸಿ ಆ್ಯಪ್ ಹೊಸದಾಗಿ ಇನ್ನೊಂದು ಕೋರಿಕೆ ಕಳುಹಿಸಿದರೆ ಎರಡು ಬಾರಿ ಹಣ ಕಡಿತವಾಗಬಹುದು. ಮಾಕ್ ಬಳಸಿದರೆ ಒಂದು ರೂಪಾಯಿಯೂ ಕದಲದೆ ಈ ಸನ್ನಿವೇಶವನ್ನು ಬೇಕಾದಷ್ಟು ಸಲ ಪರೀಕ್ಷಿಸಬಹುದು. ಎರಡು ಕೋರಿಕೆ ದಾಖಲಾದರೆ ಆ್ಯಪ್ ಫೇಲ್!

ಮಾಕ್ ಪರೀಕ್ಷೆ ಪಾಸಾದರೆ ಆ್ಯಪ್‌ನಲ್ಲಿ ದೋಷವೇ ಇಲ್ಲವೇ?

ಇದು ತಪ್ಪು ಕಲ್ಪನೆ. ಮಾಕ್ ನಾವು ಹೇಳಿಕೊಟ್ಟದ್ದನ್ನಷ್ಟೇ ಒಪ್ಪಿಸುತ್ತದೆ. ಅಸಲಿ ಬ್ಯಾಂಕ್ ತನ್ನ ಉತ್ತರದ ಮಾದರಿ ಬದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಪರೀಕ್ಷೆ ಪಾಸಾಗುತ್ತಲೇ ಇರುತ್ತದೆ, ಗ್ರಾಹಕರ ಪಾವತಿ ಮಾತ್ರ ನಿಲ್ಲುತ್ತದೆ. ಆದ್ದರಿಂದ ಎಲ್ಲ ಭಾಗಗಳನ್ನೂ ಜೋಡಿಸಿ ನೋಡುವ ಇಂಟಿಗ್ರೇಷನ್ ಟೆಸ್ಟ್ ಕೂಡ ಬೇಕು. ಅದನ್ನು ಗ್ರಾಹಕರ ಖಾತೆಗಳಿಂದ ದೂರವಿರುವ ಪ್ರತ್ಯೇಕ ವ್ಯವಸ್ಥೆಯಲ್ಲಿ ಮಾಡಬೇಕು.

ನೆನಪಿಡಿ

ಪಾವತಿ ಆ್ಯಪ್ ಪರೀಕ್ಷಿಸಲು ನಿಮ್ಮ ಪಿನ್ ಅಥವಾ ಒಟಿಪಿ ಯಾರಿಗೂ ಬೇಕಿಲ್ಲ. ‘ಟೆಸ್ಟಿಂಗ್ ನಡೆಯುತ್ತಿದೆ, ಒಟಿಪಿ ಹೇಳಿ’ ಎಂದು ಕರೆ ಬಂದರೆ ಅದು ವಂಚನೆ. ಕೊಡಬೇಡಿ, ಮನೆಯ ಹಿರಿಯರಿಗೂ ತಿಳಿಸಿ.