ಕಲ್ಲು, ನೀರು, ಹಲ್ಲು



2020ರ ಲಾಕ್‌ಡೌನ್ ದಿನಗಳಲ್ಲಿ ಅರೆಕೆರೆಯ ಮನೆಯಿಂದ ಹೊರಗೆ ಕಾಲಿಡಲಾಗದೆ ಕುಳಿತಿದ್ದಾಗ, ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ವಿದ್ವಾಂಸರ ಆನ್‌ಲೈನ್ ಉಪನ್ಯಾಸಗಳನ್ನು ಕೇಳುವ ಏರ್ಪಾಡು ಮಾಡಿಕೊಟ್ಟಳು. ಒಂದು ಸಂಜೆಯ ವಿಷಯ ‘ಪರಿಸರ ಭೂರಸಾಯನ ವಿಜ್ಞಾನ ಮತ್ತು ಮಾನವನ ಆರೋಗ್ಯ’. ಹೆಸರು ಕೇಳಿದಾಗಲೇ ಆಕಳಿಕೆ ಬಂದಿತ್ತು. ನೆಲದೊಳಗಿನ ಕಲ್ಲು ಕರಗಿ ನೀರಿಗೆ ಸೇರುವ ಬಗೆ, ಆ ನೀರು ಮನುಷ್ಯನ ಮೂಳೆ ಸೇರುವ ಬಗೆ ಎಂದೆಲ್ಲ ತಜ್ಞರು ವಿವರಿಸುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚಿತ್ರ ಬಂದಿತು: ಬಾಯಿ ತೆರೆದ ಒಬ್ಬ ಬಾಲಕ, ಅವನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದುಬಣ್ಣದ ಪಟ್ಟೆಗಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅಂತಹ ಹಲ್ಲುಗಳನ್ನು ನಾನು ಮೂವತ್ತು ವರ್ಷಗಳ ಹಿಂದೆಯೇ ಕಂಡಿದ್ದೆ. ಕಂಡು ಬೈದೂ ಇದ್ದೆ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, 1987ರ ಸುಮಾರಿಗೆ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಬಹುಪಾಲು ಆಂಧ್ರದಿಂದಲೇ ಸುತ್ತುವರಿದ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ಕಡಲೆಕಾಯಿ, ಎತ್ತ ನೋಡಿದರೂ ಬಂಡೆಗುಡ್ಡ. ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳ ಹಲ್ಲು ಕಂದು. ಹೊಸ ಮೇಷ್ಟರ ಉತ್ಸಾಹದಲ್ಲಿ ನಾನು ಪ್ರತಿ ಸೋಮವಾರ ಉಗುರು, ತಲೆ, ಹಲ್ಲು ಪರೀಕ್ಷೆ ಮಾಡುತ್ತಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ, “ಏನೋ, ಹಲ್ಲುಜ್ಜುವ ಅಭ್ಯಾಸವೇ ಇಲ್ಲವೇನೋ?” ಎಂದು ಗದರಿದೆ. ಅವನು ತಲೆ ತಗ್ಗಿಸಿಕೊಂಡು, “ದಿನಾ ಉಜ್ತೀನಿ ಸಾ. ನೀರಿಂದ ಹಿಂಗಾಗೋದಂತೆ, ನಮ್ಮಜ್ಜಿ ಹೇಳ್ತದೆ” ಎಂದ. ಮಕ್ಕಳು ನಕ್ಕರು. ನೆಪ ಹೇಳುತ್ತಿದ್ದಾನೆಂದು ನಾನು ಇನ್ನೂ ಎರಡು ಮಾತು ಹೆಚ್ಚಿಗೆ ಆಡಿದೆ. ಅದೇ ಮಧ್ಯಾಹ್ನ ಅದೇ ತರಗತಿಗೆ ಶಿಲೆಗಳ ಪಾಠ ಮಾಡಿ, ಗ್ರಾನೈಟ್, ನೈಸ್ ಎಂದು ಬೋರ್ಡಿನ ಮೇಲೆ ಬರೆದೆ. ಬೋರ್ಡಿನ ಮೇಲಿನ ಕಲ್ಲಿಗೂ ಹುಡುಗನ ಬಾಯಲ್ಲಿದ್ದ ಹಲ್ಲಿಗೂ ನಂಟಿದೆ ಎಂಬುದು ನನಗೆ ಹೊಳೆಯಲಿಲ್ಲ. ಅಜ್ಜಿಗೆ ಹೊಳೆದಿತ್ತು.

ಆ ಉಪನ್ಯಾಸ ಕೇಳಿದ ಮೇಲೆ ಈ ನಂಟಿನ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು: ಊರಿನವರು ಮೊದಲು ನೀರನ್ನು ಶಂಕಿಸಿದ್ದಾರೆ, ಓದಿದವರು ಬಹಳ ತಡವಾಗಿ ಅದನ್ನು ಒಪ್ಪಿದ್ದಾರೆ.

1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿ ಆರಂಭಿಸಿದ. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಬಹುಪಾಲು ಜನರ ಹಲ್ಲು ಕಂದು. ದೊಡ್ಡವರಾದ ಮೇಲೆ ಹೊರಗಿನಿಂದ ಬಂದು ನೆಲೆಸಿದವರ ಹಲ್ಲು ಬಿಳಿ. ಹಂದಿಮಾಂಸ ಹೆಚ್ಚಾಗಿ ತಿಂದದ್ದಕ್ಕೆ ಹೀಗೆ, ಹಾಲು ಕೆಟ್ಟದ್ದು, ನೀರಿನಲ್ಲಿ ಸುಣ್ಣ ಜಾಸ್ತಿ ಎಂದು ಜನ ಏನೇನೋ ಹೇಳುತ್ತಿದ್ದರು. ಮೆಕೆ ಬಿಡದೆ ಅದರ ಬೆನ್ನು ಹತ್ತಿದ. 1923ರಲ್ಲಿ ಐಡಾಹೊ ಪ್ರಾಂತದ ಓಕ್ಲಿ ಎಂಬ ಊರಿನ ತಂದೆತಾಯಿಗಳು ಅವನಿಗೆ ಹೇಳಿದ್ದೇನೆಂದರೆ, ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿದ ಮೇಲೆಯೇ ಮಕ್ಕಳ ಹಲ್ಲು ಕಲೆಗಟ್ಟಿದ್ದು. ನೀರನ್ನು ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಆದರೂ ಆ ಬುಗ್ಗೆಯನ್ನು ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ ಎಂದು ಮೆಕೆ ಸಲಹೆಯಿತ್ತ. ಊರಿನವರು ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಿಕ್ಕಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದವು. ನೀರಿನೊಳಗಿನ ವಸ್ತು ಯಾವುದೆಂದು ತಿಳಿದದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಎಚ್. ವಿ. ಚರ್ಚಿಲ್ ಹೊಸ ವಿಧಾನದಿಂದ ಪರೀಕ್ಷಿಸಿ ಅದು ಫ್ಲೋರೈಡ್ ಎಂದು ತೋರಿಸಿದ. ಶಂಕೆ ಮೊಳೆತು ಉತ್ತರ ಸಿಗಲು ಮೂವತ್ತು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ಇದು ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ. ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಬೆನ್ನು, ಕತ್ತು ಬಾಗಿಸಲಾಗದೆ ಮರಗಟ್ಟಿಹೋದ ಜನರನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಅದಕ್ಕೂ ಮೊದಲೇ ಅಲ್ಲಿನ ರೈತರು ತಮ್ಮ ಎತ್ತುಗಳು ಕುಂಟುವುದನ್ನು ಗಮನಿಸಿದ್ದರೆಂದು ಹೇಳುತ್ತಾರೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು, ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಹರೆಯದವರ ಮೊಣಕಾಲುಗಳು ಒಳಕ್ಕೆ ತಿರುಗಿ ಒಂದಕ್ಕೊಂದು ಬಡಿಯುವ ರೋಗವನ್ನು ವಿವರಿಸಿದರು. ಅದೇ ದಶಕದಲ್ಲಿ ನಾಗಪುರದ ‘ನೀರಿ’ ಸಂಸ್ಥೆ ಪಟಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬಳಸಿ ನೀರಿನ ಫ್ಲೋರೈಡ್ ತಗ್ಗಿಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ಅಂದರೆ, ನಾನು ಪಾವಗಡ ಸೀಮೆಯಲ್ಲಿ ಆ ಹುಡುಗನನ್ನು ಬೈಯುವ ಹೊತ್ತಿಗೆ ನಮ್ಮ ದೇಶದಲ್ಲಿಯೇ ಐವತ್ತು ವರ್ಷಗಳ ತಿಳಿವಳಿಕೆ ಇತ್ತು. ಅದು ನಮ್ಮ ಸ್ಟಾಫ್ ರೂಮಿನವರೆಗೆ ಬಂದಿರಲಿಲ್ಲ.

ಇನ್ನು ಕಲ್ಲಿನ ಕಥೆ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಗಿತ್ತು. ಆ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ನಮ್ಮ ನೆಲದ ಪುರಾತನ ಶಿಲೆಗಳಿಗೆ ಹೆಸರಿಟ್ಟವರು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ‘ಪೆನಿನ್ಸುಲರ್ ನೈಸ್’. ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಇನ್ನೊಂದು ‘ಕ್ಲೋಸ್‌ಪೇಟೆ ಗ್ರಾನೈಟ್’. ಸುಮಾರು ಇನ್ನೂರೈವತ್ತು ಕೋಟಿ ವರ್ಷದ್ದು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಗ್ರಾನೈಟಿನ ಪಟ್ಟಿ ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ಪಾವಗಡ ಸೀಮೆಯನ್ನು ಹಾದು ಬಳ್ಳಾರಿಯತ್ತ ಸಾಗುತ್ತದೆ. ಈ ಬಗೆಯ ಶಿಲೆಗಳಲ್ಲಿ ಕಾಗೆಬಂಗಾರ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಿವೆ. ಅವುಗಳಲ್ಲಿ ಫ್ಲೋರೈಡ್ ಅಡಗಿದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಕೆಳಗಿಳಿಸುತ್ತದೆ. ಸುಣ್ಣದಂಶ ಕಡಿಮೆಯಿದ್ದು ಸೋಡಾ ಗುಣ ಹೆಚ್ಚಿದ್ದರೆ ಫ್ಲೋರೈಡ್ ಕರಗುತ್ತಲೇ ಹೋಗುತ್ತದೆ. ಕಲ್ಲಿನ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗುತ್ತದೆ. ಮಳೆ ಕಡಿಮೆಯಿರುವ, ಬಿಸಿಲು ಹೆಚ್ಚಿರುವ ಸೀಮೆಗೆ ಇದು ದುಪ್ಪಟ್ಟು ಕಷ್ಟ.

ಕೋಟ್ಯಂತರ ವರ್ಷಗಳಿಂದ ಇದ್ದ ಕಲ್ಲು ನಮ್ಮ ಕಾಲದಲ್ಲಿ ಏಕೆ ಇಷ್ಟು ಪೀಡಿಸಿತು? ನಮ್ಮ ಹಿರಿಯರು ಬಹುಮಟ್ಟಿಗೆ ಕೆರೆಯ ನೀರು, ಕೆರೆಯ ಕೆಳಗಿನ ತೆರೆದ ಬಾವಿಯ ನೀರು ಕುಡಿದವರು. ಅದು ವರ್ಷವರ್ಷವೂ ಮಳೆಯಿಂದ ಹೊಸದಾಗುವ ನೀರು. ಕಲ್ಲಿನೊಡನೆ ಅದರ ಸಹವಾಸ ಕಡಿಮೆ. ಹಾಗೆಂದು ಆ ಕಾಲವನ್ನು ಸ್ವರ್ಗವೆನ್ನಲಾರೆ. ಅದೇ ಕೆರೆ ಬಾವಿಗಳಿಂದ ಕಾಲರಾ ಹರಡುತ್ತಿತ್ತು. ಮೆಟ್ಟಿಲು ಬಾವಿಗಳ ನೀರಿನಿಂದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಕಾಡುತ್ತಿತ್ತು. 1966–67ರ ಬಿಹಾರದ ಬರದ ನಂತರ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಕೈಪಂಪು ರೂಪುಗೊಂಡಿತು. ಹಳ್ಳಿಹಳ್ಳಿಗೆ ‘ಬೋರಿಂಗ್’ ಬಂದಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾದುದರಲ್ಲಿ ಆ ಪಂಪುಗಳ ಪಾಲು ದೊಡ್ಡದು. ನೀರು ತಿಳಿಯಾಗಿತ್ತು, ಹುಳುವಿರಲಿಲ್ಲ, ವಾಸನೆಯಿರಲಿಲ್ಲ. ಆದ್ದರಿಂದ ಅದು ಶುದ್ಧವೆಂದು ಎಲ್ಲರೂ ನಂಬಿದೆವು. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ. ಮುಂದೆ ಪಂಪ್‌ಸೆಟ್ಟುಗಳು ಹೆಚ್ಚಿ, ಕೆರೆಗಳು ಹೂಳು ತುಂಬಿ, ಕೊಳವೆಬಾವಿಗಳು ನೂರರಿಂದ ಸಾವಿರ ಅಡಿಗೆ ಇಳಿದವು. ಆಳಕ್ಕೆ ಹೋದಷ್ಟೂ ಹಳೆಯ ನೀರು, ಹಳೆಯ ನೀರಾದಷ್ಟೂ ಕಲ್ಲಿನ ಅಂಶ ಹೆಚ್ಚು. ಪಾವಗಡ, ಬಾಗೇಪಲ್ಲಿ, ಕೋಲಾರ, ಮುಳಬಾಗಿಲು ಸೀಮೆಗಳು ಇದರ ಬೆಲೆ ತೆತ್ತವು.

ಹುಡುಗನ ಹಲ್ಲಿಗೆ ಮರಳೋಣ. ಹಲ್ಲಿನ ಎನಾಮೆಲ್ ದವಡೆಯೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ಅವಧಿಯಲ್ಲಿ ಮಗು ಕುಡಿದ ನೀರು ಅಲ್ಲಿಯೇ ಬರೆದುಬಿಡುತ್ತದೆ. ಆಮೇಲೆ ಬೇವಿನ ಕಡ್ಡಿಯಿಂದ ಉಜ್ಜಿದರೂ, ಇದ್ದಿಲಿನಿಂದ ಉಜ್ಜಿದರೂ, ಮೇಷ್ಟರು ಬೈದರೂ ಅದು ಹೋಗದು. ನಮ್ಮ ಶಾಲೆಯಲ್ಲಿಯೇ ವರ್ಗವಾಗಿ ಬಂದ ನೌಕರರ ದೊಡ್ಡ ಮಕ್ಕಳ ಹಲ್ಲು ಬಿಳಿಯಾಗಿತ್ತು. ಅವರು ಶುಚಿಯಾದ ಮನೆಯವರು ಎಂದುಕೊಂಡಿದ್ದೆ! ಮೆಕೆ ಕಂಡ ಸಾಕ್ಷ್ಯವೇ ನನ್ನ ಕಣ್ಣಮುಂದೆ ಬೆಂಚಿನ ಮೇಲೆ ಕುಳಿತಿತ್ತು.

ಕರ್ನಾಟಕದಲ್ಲಿ ಕಲ್ಲಿನ ಕಾಟ ಫ್ಲೋರೈಡಿಗೆ ಮುಗಿಯಲಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಹತ್ತಿರ, ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದವು. ಕಾರಣ ಆರ್ಸೆನಿಕ್, ಚಿನ್ನದ ಅದಿರಿನ ಜೊತೆಗಿರುವ ಖನಿಜಗಳಿಂದ ಕೊಳವೆಬಾವಿಗೆ ಬಂದದ್ದು. 2013ರಲ್ಲಿ ಅದರ ವೈಜ್ಞಾನಿಕ ವಿವರ ಪ್ರಕಟವಾಯಿತು. ಆದರೆ ಊರಿನವರ ಶಂಕೆ ಯಾವಾಗಲೂ ಸರಿಯೆಂದೂ ತಿಳಿಯಬಾರದು. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳು ಸವೆದು ಜನ ನಡೆಯಲಾರದಂತಾದಾಗ ಗದ್ದೆಯ ಏಡಿಯ ಮೇಲೆ, ಕೀಟನಾಶಕದ ಮೇಲೆ ಸಂಶಯ ಬಂದಿತ್ತು. ಮುಂದಿನ ಅಧ್ಯಯನಗಳು ಅದು ವಂಶವಾಹಿಯಿಂದ ಬರುವ ರೋಗವೆಂದು ಕಂಡುಕೊಂಡವು. ಊರಿನವರ ಮಾತನ್ನು ಕೇಳಬೇಕು, ಕೇಳಿದ ಮೇಲೆ ಪರೀಕ್ಷಿಸಬೇಕು. ನಾನು ಕೇಳಲೂ ಇಲ್ಲ, ಪರೀಕ್ಷಿಸಲೂ ಇಲ್ಲ.

ಈಗ ನಮ್ಮ ಅರೆಕೆರೆಗೆ ಬರುತ್ತೇನೆ. ‘ಅರೆ’ ಎಂದರೆ ಕನ್ನಡದಲ್ಲಿ ಅರ್ಧ. ಬಂಡೆ ಎಂಬ ಅರ್ಥವೂ ಇದೆ. ಬಂಡೆ ಮತ್ತು ಕೆರೆ ಎರಡೂ ಒಂದೇ ಹೆಸರಿನಲ್ಲಿ ಕೂಡಿದಂತೆ ನನಗೆ ತೋರುತ್ತದೆ. ಬೆಂಗಳೂರಿಗೆ 1974ರಲ್ಲಿ ಕಾವೇರಿ ಬಂದಳು. ಹೊರವಲಯದ ಬಡಾವಣೆಗಳು ಮಾತ್ರ ಬಹುಕಾಲ ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಬೇಸಿಗೆಯಲ್ಲಿ ಆ ಬಾವಿಗಳೂ ಬತ್ತಿ ಪಟ್ಟ ಪಾಡು ನಿಮಗೆಲ್ಲ ನೆನಪಿದೆ. ನಗರದ ಅಂತರ್ಜಲದಲ್ಲಿ ಚರಂಡಿಯ ಸೋರಿಕೆಯಿಂದ ಬರುವ ನೈಟ್ರೇಟಿನ ಕಾಟ ಹೆಚ್ಚು. ಆದ್ದರಿಂದ ನಿಮ್ಮಲ್ಲಿ ಕೊಳವೆಬಾವಿಯ ನೀರು ಕುಡಿಯುವವರು ಒಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿರಿ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ನೈಟ್ರೇಟ್ 45, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತವೆ, ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇವುಗಳ ಪ್ರಮಾಣ ಏರುತ್ತದೆ. ಆರ್.ಓ. ಯಂತ್ರ ಇವನ್ನು ತಗ್ಗಿಸುತ್ತದೆ, ಆದರೆ ಸಾಕಷ್ಟು ನೀರನ್ನು ಹೊರಚೆಲ್ಲುತ್ತದೆ. ಮಳೆನೀರನ್ನು ಹಿಡಿದಿಟ್ಟು ಸೋಸಿ ಬಳಸುವವರಿಗೆ ಕಲ್ಲಿನ ಭಯವಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ನಮ್ಮ ಕೆರೆಯ ಇಳಿಜಾರು ಹುಳಿಮಾವು, ಮಡಿವಾಳಗಳ ಮೂಲಕ ಬೆಳ್ಳಂದೂರಿನ ಕಣಿವೆಗೆ ಸೇರುತ್ತದೆ. 2018ರಿಂದ ಆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಅಲ್ಲಿ ಬಾವಿಗಳ ಮಟ್ಟ ಏರಿತೆಂಬ ಸಂತೋಷವೂ ಇದೆ, ಸಂಸ್ಕರಣೆ ಸಾಲದೆಂಬ ಆಕ್ಷೇಪವೂ ಇದೆ. ಫ್ಲೋರೈಡಿನಿಂದ ಬಳಲಿದ ಸೀಮೆಗೆ ನಾವು ಬಳಸಿ ಬಿಟ್ಟ ನೀರು ಹೋಗುತ್ತಿರುವಾಗ, ಚರಂಡಿಗೆ ಏನು ಸುರಿಯುತ್ತೇವೆ ಎಂಬ ಬಗ್ಗೆ ನಮಗೆ ಎಚ್ಚರವಿರಬೇಕು.

ಕಳೆದ ವರ್ಷ ಆ ಹುಡುಗ, ಈಗ ಐವತ್ತು ದಾಟಿದ ಗೃಹಸ್ಥ, ಮಗಳ ಮದುವೆಯ ಆಮಂತ್ರಣ ಪತ್ರಿಕೆ ಹಿಡಿದು ಮನೆಗೆ ಬಂದ. ಜೊತೆಗೆ ಮಗಳೂ ಬಂದಿದ್ದಳು. ಬೆಂಗಳೂರಿನಲ್ಲಿ ಕಾವೇರಿ ನೀರು ಕುಡಿದು ಬೆಳೆದವಳು, ಹಲ್ಲುಗಳು ಮಲ್ಲಿಗೆಯಂತಿದ್ದವು. ಅವನು ಮಾತ್ರ ನಗುವಾಗಲೆಲ್ಲ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಆ ಅಭ್ಯಾಸಕ್ಕೆ ನನ್ನ ಆ ಸೋಮವಾರದ ಕೊಡುಗೆಯೂ ಇದ್ದೀತು. “ಅಂದು ನಿನ್ನ ಅಜ್ಜಿ ಹೇಳಿದ್ದು ನಿಜವಪ್ಪಾ, ತಪ್ಪು ನನ್ನದು” ಎಂದೆ. ಅವನು, “ಬಿಡಿ ಸಾ, ಆಗ ಯಾರಿಗೆ ಗೊತ್ತಿತ್ತು” ಎಂದ. ಗೊತ್ತಿದ್ದವರು ಇದ್ದರು, ಒಬ್ಬರು ಅವನ ಮನೆಯಲ್ಲಿಯೇ ಇದ್ದರು. ಅದನ್ನು ಹೇಳಿದಾಗ ಅವನು ನಕ್ಕ. ಆ ಒಂದು ಸಲ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತ.

ನಿಮ್ಮಲ್ಲಿ ಈಗ ಮೇಷ್ಟರಾದವರು ಅನೇಕರಿದ್ದೀರಿ. ಮಗು ನೆಪ ಹೇಳುತ್ತಿದೆ ಎನಿಸಿದಾಗ ಒಂದು ಕ್ಷಣ ತಡೆದು, ಅದರ ಊರಿನ ನೀರು ಎಲ್ಲಿಂದ ಬರುತ್ತದೆಂದು ಕೇಳಿರಿ.

ಎಲ್ಲರಿಗೂ ಶುಭವಾಗಲಿ.