ಡ್ರಿಲ್ ಮೇಷ್ಟ್ರಿಂದ ಥರ್ಡ್ ಆಫೀಸರ್‌ವರೆಗೆ

ಕುಡತಿನಿ ಎಂದರೆ ಪ್ರಾಕ್ತನಶಾಸ್ತ್ರ ಓದಿದವರಿಗೆ ನವಶಿಲಾಯುಗದ ಬೂದಿದಿಬ್ಬ ನೆನಪಾಗುತ್ತದೆ. ಹೊಸಪೇಟೆ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಥರ್ಮಲ್ ಸ್ಥಾವರದ ಹಾರುಬೂದಿ. ಎರಡು ಬೂದಿಗಳ ಬಗ್ಗೆಯೂ ಬೇಕಾದಷ್ಟು ಬರೆದಿದ್ದಾರೆ. ಈ ಸೀಮೆಯ ಶಾಲೆ ಮಕ್ಕಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸಿದ ದೊಡ್ಡವರ ಬಗ್ಗೆ ಅಷ್ಟು ಮಾತಿಲ್ಲ. ಎನ್‌ಸಿಸಿ ಎಂದೊಡನೆ ಕಣ್ಣಿಗೆ ಕಟ್ಟುವುದು ಖಾಕಿ ತೊಟ್ಟ ಹುಡುಗರು, ಗಣರಾಜ್ಯೋತ್ಸವದ ಪರೇಡು, ಅತಿಥಿಗೆ ಕೊಡುವ ಗೌರವ ರಕ್ಷೆ. ಆದರೆ ಕಳೆದ ನೂರು ವರ್ಷಗಳಲ್ಲಿ ಮಕ್ಕಳ ದಳ ಕಟ್ಟಲು ನಡೆದ ಪ್ರಯತ್ನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಪ್ರತಿಯೊಂದರ ಹಣೆಬರಹವನ್ನೂ ತೀರ್ಮಾನಿಸಿದ್ದು ಒಂದೇ ಪ್ರಶ್ನೆ: ಹುಡುಗರ ಮುಂದೆ ಯಾವ ದೊಡ್ಡವರು ನಿಲ್ಲಬೇಕು? ಸಿಪಾಯಿಯೋ, ರಾಜಕೀಯ ಕಾರ್ಯಕರ್ತನೋ, ಪಾಠ ಹೇಳುವ ಮೇಷ್ಟ್ರೋ? 1948ರಲ್ಲಿ ದೇಶ ಮೇಷ್ಟ್ರನ್ನು ಆರಿಸಿಕೊಂಡಿತು. ಆ ಆಯ್ಕೆ ಸರಿಯಿತ್ತು, ಇವತ್ತಿಗೂ ಸರಿಯೇ ಇದೆ ಎಂಬುದು ನನ್ನ ವಾದ.

ಮೊದಲು ಸಿಪಾಯಿಯನ್ನೇ ನೋಡೋಣ, ಏಕೆಂದರೆ ಆ ಪ್ರಯೋಗ ಆಗಲೇ ಒಮ್ಮೆ ಆಗಿಹೋಗಿದೆ. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಬಳ್ಳಾರಿ ಬಹುಕಾಲ ದಂಡಿನ ಊರಾಗಿತ್ತು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಆ ಪ್ರಾಂತದ ಹೈಸ್ಕೂಲುಗಳಲ್ಲಿ ಕವಾಯತು ಮಾಡಿಸುತ್ತಿದ್ದ ಡ್ರಿಲ್ ಮೇಷ್ಟ್ರುಗಳಲ್ಲಿ ಬಹುಪಾಲು ಮಂದಿ ಪಲ್ಟನಿನಿಂದ ಪಿಂಚಣಿ ಪಡೆದು ಬಂದವರು. ಗಟ್ಟಿ ದನಿ, ನೆಟ್ಟಗಿನ ಬೆನ್ನು, ಶಿಸ್ತು ಎಲ್ಲವೂ ಅವರಲ್ಲಿತ್ತು. ಎದುರಿಗೆ ನಿಂತಿರುವುದು ಬೆಳೆಯುವ ಮಗು, ಪಲ್ಟನಿಗೆ ಸೇರಲು ಬಂದ ರಂಗರೂಟಲ್ಲ ಎಂಬ ತಿಳಿವಳಿಕೆಯನ್ನು ಮಾತ್ರ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅದು ಅವರ ತಪ್ಪೂ ಅಲ್ಲ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದು, ಆಟ-ಕಸರತ್ತು ಕಲಿಸಲೂ ಶಿಕ್ಷಕನಿಗೇ ತರಬೇತಿ ಬೇಕೆಂದು ಹಟ ಹಿಡಿದದ್ದು ಈ ಕೊರತೆಯನ್ನು ಕಂಡೇ. ಸ್ಕೌಟ್ ಚಳವಳಿಯಲ್ಲೂ ಇದೇ ಎಚ್ಚರ ಕಾಣುತ್ತದೆ. ಆ ಚಳವಳಿಯ ಜನಕ ಬೇಡನ್ ಪೊವೆಲ್, ತಾನೇ ಸೈನ್ಯದ ಜನರಲ್ ಆಗಿದ್ದರೂ, ಹುಡುಗರಿಗೆ ಬರೆದ ಪುಸ್ತಕ ಸಾಲದೆಂದು ಅವರನ್ನು ನಡೆಸುವ ದೊಡ್ಡವರಿಗೇ ಇನ್ನೊಂದು ಪುಸ್ತಕ ಬರೆದ.

ಎರಡನೆಯ ದಾರಿ ಹುಬ್ಬಳ್ಳಿಯಿಂದ ಬಂತು. ಅಮೆರಿಕದಲ್ಲಿ ಓದಿ, ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ ಮರಳಿದ್ದ ಡಾ. ನಾ.ಸು. ಹರ್ಡೀಕರ್, 1923ರ ನಾಗಪುರ ಧ್ವಜ ಸತ್ಯಾಗ್ರಹದ ಬಳಿಕ, ಅದೇ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ನಾಂದಿ ಹಾಡಿದರು. ಮರುವರ್ಷ ಗಾಂಧಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಅಚ್ಚುಕಟ್ಟು ಎಲ್ಲರ ಕಣ್ಣಿಗೂ ಬಿತ್ತು. ಇಲ್ಲಿನ ದೊಡ್ಡವರು ಸಂಬಳಕ್ಕೆ ಬಂದವರಲ್ಲ, ಜೈಲಿಗೆ ಹೋಗಿ ಬಂದವರು; ಹುಡುಗರು ಅವರ ಮಾತಿಗೆ ಬೆಲೆ ಕೊಟ್ಟದ್ದು ಹುದ್ದೆ ನೋಡಿ ಅಲ್ಲ. ಆದರೂ ಕಾಂಗ್ರೆಸ್ಸಿನ ಒಳಗೇ ಗುಮಾನಿ ಎದ್ದಿತು: ಅಹಿಂಸೆಯ ಪಕ್ಷಕ್ಕೆ ಕವಾಯತೇಕೆ, ಇದು ನಾಳೆ ಸಣ್ಣ ಸೈನ್ಯವಾಗದೆ? ಈ ಗುಮಾನಿಗಿಂತ ದೊಡ್ಡ ತೊಡಕು ಇನ್ನೊಂದಿತ್ತು. ದಳ ಪಕ್ಷಕ್ಕೆ ಅಂಟಿಕೊಂಡಿದ್ದರಿಂದ ಪಕ್ಷದ ಮೇಲೆ ಸರ್ಕಾರದ ಏಟು ಬಿದ್ದಾಗ ದಳಕ್ಕೂ ಬಿತ್ತು. 1932ರಲ್ಲಿ ಅದನ್ನು ನಿಷೇಧಿಸಲಾಯಿತು. ಸ್ವಾತಂತ್ರ್ಯದ ನಂತರ ಭಾರತ ಸೇವಾದಳವೆಂಬ ಹೆಸರಿನಲ್ಲಿ ಅದು ಕರ್ನಾಟಕದ ಶಾಲೆಗಳಿಗೆ ಬಂದಾಗ ಶಾಖೆಯ ಹೊಣೆ ಹೊತ್ತವರು ಯಾರೆಂಬುದನ್ನು ಗಮನಿಸಬೇಕು. ಶಾಖಾ ನಾಯಕ, ನಾಯಕಿ ಎಂದು ತರಬೇತಿ ಪಡೆದು ಬರುವವರು ಅದೇ ಶಾಲೆಯ ಶಿಕ್ಷಕರು. ಹರ್ಡೀಕರರ ದಳ ಸುತ್ತಿ ಬಳಸಿ ಮೇಷ್ಟ್ರ ಹತ್ತಿರಕ್ಕೇ ಬಂದು ನಿಂತಿತು.

ಕಾಲೇಜುಗಳಲ್ಲಿ ನಡೆದದ್ದು ಬೇರೆ ಕತೆ. 1917ರ ವಿಶ್ವವಿದ್ಯಾಲಯ ದಳ, 1920ರ ತರುವಾಯದ ಟ್ರೇನಿಂಗ್ ಕೋರ್, 1942ರಲ್ಲಿ ಬದಲಾದ ಹೆಸರಿನ ಆಫೀಸರ್ಸ್ ಟ್ರೇನಿಂಗ್ ಕೋರ್, ಎಲ್ಲವೂ ಬ್ರಿಟಿಷರ ಯುದ್ಧದ ಅಗತ್ಯಕ್ಕೆ ಹುಟ್ಟಿದವು. ಶಾಲೆಗಳಿಗೆ ಇವು ಬರಲೇ ಇಲ್ಲ. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅಧ್ಯಕ್ಷತೆಯ ಸಮಿತಿ ಕೂತು ಶಾಲೆ, ಕಾಲೇಜು, ಹೆಣ್ಣುಮಕ್ಕಳು ಎಂದು ಮೂರು ವಿಭಾಗ ಸೂಚಿಸಿತು. 1948ರ ಏಪ್ರಿಲಿನಲ್ಲಿ ಎನ್‌ಸಿಸಿ ಕಾಯಿದೆ ಬಂತು, ಜುಲೈ 15ರಿಂದ ಕೆಲಸ ಶುರುವಾಯಿತು. ಆರಂಭದ ಕೆಡೆಟ್‌ಗಳ ಸಂಖ್ಯೆ 20,000. ಈ ಏರ್ಪಾಡಿನ ಜಾಣತನ ಇರುವುದು ಹೊಣೆಯನ್ನು ಹಂಚಿದ ರೀತಿಯಲ್ಲಿ. ಸೈನ್ಯದಿಂದ ಬರುವ ಸುಬೇದಾರ, ಹವಾಲ್ದಾರರು, ಅಂದರೆ ಪಿಐ ಸ್ಟಾಫ್, ಕಲಿಸುವುದಕ್ಕೆ ಮಾತ್ರ. ದಳದ ಅಧಿಕಾರಿ ಶಾಲೆಯ ಶಿಕ್ಷಕನೇ. ಅವನು ನಾಗಪುರದ ಹತ್ತಿರದ ಕಾಂಪ್ಟಿಗೆ, ಶಿಕ್ಷಕಿಯಾದರೆ ಗ್ವಾಲಿಯರಿಗೆ ಹೋಗಿ ತರಬೇತಿ ಮುಗಿಸಿ ಬಂದರೆ ಹೆಗಲಿಗೆ ಹುದ್ದೆ ಬರುತ್ತದೆ: ಕಾಲೇಜಿನವನು ಲೆಫ್ಟಿನೆಂಟ್, ಶಾಲೆಯವನು ಥರ್ಡ್ ಆಫೀಸರ್. ವರ್ಷಗಳು ಕಳೆದಂತೆ ಸೆಕೆಂಡ್, ಫಸ್ಟ್, ಕೊನೆಗೆ ಚೀಫ್ ಆಫೀಸರ್. ಸೋಮವಾರ ಬೆಳಗ್ಗೆ ಅದೇ ಮನುಷ್ಯ ಅಂಗಿ ಬದಲಿಸಿ ಗಣಿತದ ಪಾಠಕ್ಕೆ ಬರುತ್ತಾನೆ. ಮುಖ್ಯೋಪಾಧ್ಯಾಯರು ಮೈದಾನ, ಸಮಯ, ಕ್ಯಾಂಪಿನ ದಿನಗಳ ಹಾಜರಾತಿಗೆ ಹೊಣೆ. ತಾಯ್ತಂದೆಯರ ಸಹಿ ಇಲ್ಲದೆ ಮಗುವಿನ ಹೆಸರು ಪಟ್ಟಿಗೆ ಸೇರುವುದಿಲ್ಲ. ಒಬ್ಬರ ಕೈಯಲ್ಲೇ ಮಗು ಪೂರ್ತಿ ಸಿಗದಂತೆ ಮಾಡಿದ ವ್ಯವಸ್ಥೆ ಇದು.

ಮೇಷ್ಟ್ರ ಕೆಲಸ ಎಷ್ಟು ಸಣ್ಣ ಸಂಗತಿಗಳಿಂದ ಕೂಡಿದೆ ಎಂದು ಗೊತ್ತಾಗಬೇಕಾದರೆ ಒಂದು ಪರೇಡ್ ದಿನ ನೋಡಬೇಕು. ಬಳ್ಳಾರಿಯ 34 ಕರ್ನಾಟಕ ಬೆಟಾಲಿಯನ್‌ನಂಥ ಘಟಕದಿಂದ ಹಳ್ಳಿ ಶಾಲೆಗೆ ಬರುವ ಹವಾಲ್ದಾರ ಪಂಜಾಬಿನವನಿರಬಹುದು, ಗಢವಾಲಿನವನಿರಬಹುದು. ಅವನ ಆಜ್ಞೆ ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೆ ಮುಡ್’. ಮುಂದಿನ ಸಾಲಿನ ಹುಡುಗ ಎಡಕ್ಕೆ ತಿರುಗಿದರೆ ಕನ್ನಡದಲ್ಲೋ ತೆಲುಗಿನಲ್ಲೋ ಗದರಿ, ಮತ್ತೆ ಅದೇ ದನಿಯಲ್ಲಿ ಸಮಾಧಾನ ಮಾಡುವವರು ಪಕ್ಕದಲ್ಲಿ ನಿಂತ ಮೇಷ್ಟ್ರು. (ಈ ಹಿಂದಿ ಆಜ್ಞೆಗಳನ್ನು ಹಗುರವಾಗಿ ಕಾಣುವಂತಿಲ್ಲ, 1968ರ ಜನವರಿಯಲ್ಲಿ ಅಣ್ಣಾದೊರೈ ಸರ್ಕಾರ ಮದ್ರಾಸ್ ವಿಧಾನಸಭೆಯಲ್ಲಿ ಇವನ್ನು ಕೈಬಿಡಬೇಕೆಂದು ನಿರ್ಣಯವನ್ನೇ ತಂದಿತು.) ಬೂಟಿನ ಅಳತೆ ಬರೆದುಕೊಳ್ಳುವುದು, ಬಂದ ಬೂಟು ಎರಡು ನಂಬರ್ ದೊಡ್ಡದಾದರೆ ಅದಲುಬದಲು ಮಾಡಿಸುವುದು, ಬಿಸಿಲಿಗೆ ತಲೆ ತಿರುಗಿದವನನ್ನು ಬೇವಿನ ನೆರಳಿಗೆ ಕೂರಿಸುವುದು, ಪರೇಡು ಮುಗಿದ ಮೇಲೆ ತಿಂಡಿ ಎಲ್ಲರಿಗೂ ಸಾಲುವಂತೆ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಫೈರಿಂಗ್‌ಗೆ ಹೋದ ದಿನ .22 ರೈಫಲಿನಿಂದ ಸಿಡಿದ ಒಂದೊಂದು ಗುಂಡಿನ ಖಾಲಿ ಕೋಶವನ್ನೂ ಎಣಿಸಿ ಒಪ್ಪಿಸಬೇಕು. ಸೈನ್ಯದವರು ಕೋಶ ಎಣಿಸುವಾಗ ಮೇಷ್ಟ್ರು ಮಕ್ಕಳನ್ನು ಎಣಿಸುತ್ತಾರೆ. ಯಾವ ಹುಡುಗನ ಅಪ್ಪ ಗಣಿ ಲಾರಿ ಓಡಿಸುತ್ತಾನೆ, ಯಾವಳಿಗೆ ಹತ್ತು ದಿನದ ಕ್ಯಾಂಪಿಗೆ ಮನೆಯಲ್ಲಿ ಬಿಡುವುದಿಲ್ಲ, ಆ ಮನೆಗೆ ಹೋಗಿ ಯಾರ ಹತ್ತಿರ ಮಾತಾಡಿದರೆ ಕೆಲಸ ಆಗುತ್ತದೆ ಎಂಬುದು ಬೆಟಾಲಿಯನ್ ಕಚೇರಿಗೆ ಗೊತ್ತಿರುವ ವಿಷಯವಲ್ಲ. ಹೆಣ್ಣುಮಕ್ಕಳ ವಿಭಾಗ 1949ರಲ್ಲೇ ಆರಂಭವಾದರೂ ಹಳ್ಳಿಗಾಡಿಗೆ ತಲುಪಲು ಬೇಕಾದದ್ದು ಆದೇಶವಲ್ಲ, ‘ನಾನು ಜೊತೆಗಿರ್ತೀನಿ, ಕಳಿಸ್ರಿ’ ಎನ್ನುವ ಒಬ್ಬ ಟೀಚರಮ್ಮ.

ಮೇಷ್ಟ್ರಿಲ್ಲದೆ ಏನಾಗುತ್ತದೆ ಎಂಬುದಕ್ಕೆ 1963ರ ನಂತರದ ಐದು ವರ್ಷ ಸಾಕ್ಷಿ. ಚೀನಾ ಯುದ್ಧದ ಆಘಾತದಲ್ಲಿ ಸರ್ಕಾರ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿತು. ಹುಡುಗರ ಸಂಖ್ಯೆಯನ್ನು ಒಂದು ಸಹಿಯಿಂದ ಏರಿಸಬಹುದು, ಮನಸ್ಸಿಟ್ಟು ನಡೆಸುವ ಅಧ್ಯಾಪಕರನ್ನು ಹಾಗೆ ಹುಟ್ಟಿಸಲಾಗದು. ಹಾಜರಾತಿಗಾಗಿ ಬರುವ ಹುಡುಗರು, ಹಾಜರಾತಿಗಾಗಿ ಕರೆಯುವ ದೊಡ್ಡವರು ಎಂಬಂತಾಗಿ, 1968ರಲ್ಲಿ ಅದು ಮತ್ತೆ ಐಚ್ಛಿಕವಾಯಿತು. ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಬಂತು. ಕಡ್ಡಾಯ ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆ ದಶಕದ ವಿದ್ಯಾರ್ಥಿ ಅಸಮಾಧಾನವೂ ಅವುಗಳಲ್ಲೊಂದು. ಆದರೆ ಅದೇ ಅಸಮಾಧಾನದ ನಡುವೆ ಒಳ್ಳೆಯ ಅಧಿಕಾರಿ ಇದ್ದ ಕಾಲೇಜಿನಲ್ಲಿ ದಳ ಉಳಿಯಬಲ್ಲದು; ಇಲ್ಲದ ಕಡೆ ಶಾಂತಿಕಾಲದಲ್ಲೂ ಅದು ಕಾಗದಕ್ಕಷ್ಟೇ ಸೀಮಿತ.

ಮಕ್ಕಳಿಗೆ ಸಮವಸ್ತ್ರ ತೊಡಿಸಿ ರೈಫಲ್ ಕೊಡುವುದೇ ತಪ್ಪು ಎನ್ನುವವರಿದ್ದಾರೆ. ಸೇವಾದಳದ ಮೇಲೆ ಅಂದು ಎದ್ದ ಗುಮಾನಿಯ ಮುಂದುವರಿಕೆ ಇದು, ತಳ್ಳಿಹಾಕುವಂಥದ್ದಲ್ಲ. ಕೆಡೆಟ್ ಆದ ಮಾತ್ರಕ್ಕೆ ಯಾರೂ ಯುದ್ಧಕ್ಕೆ ಹೋಗಬೇಕಾಗಿಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಆ ಉತ್ತರ ಸಾಲದು, ಏಕೆಂದರೆ ಭಯ ಇರುವುದು ಮನಸ್ಸು ಬದಲಾಗುವುದರ ಬಗ್ಗೆ. ಅದಕ್ಕೇ ದಳದ ಮುಂದೆ ಶಾಲೆಯ ಶಿಕ್ಷಕ ನಿಲ್ಲಬೇಕು. ಅವನು ಮಗುವಿನ ಇಡೀ ವಾರಕ್ಕೆ ಉತ್ತರ ಹೇಳಬೇಕಾದವನು, ಊರಿನ ಜನರ ಕೈಗೆ ಸಿಗುವವನು. ಇನ್ನು 2024ರಲ್ಲಿ ರಕ್ಷಣಾ ಸಚಿವಾಲಯ ಮೂರು ಲಕ್ಷ ಕೆಡೆಟ್ ಸ್ಥಾನ ಹೆಚ್ಚಿಸಿ ಮಂಜೂರಾತಿಯನ್ನು 20 ಲಕ್ಷಕ್ಕೆ ಏರಿಸುವ ತೀರ್ಮಾನ ಮಾಡಿ, ಮಾಜಿ ಸೈನಿಕರನ್ನು ಬೋಧಕರನ್ನಾಗಿ ತೆಗೆದುಕೊಳ್ಳುವುದಾಗಿಯೂ ಹೇಳಿತು. ಚುನಾವಣೆ, ಜನಗಣತಿ, ಬಿಸಿಯೂಟ ಎಂದು ಸುಸ್ತಾದ ಮೇಷ್ಟ್ರಿಗೆ ಇದರಿಂದ ಬಿಡುವು ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಬೋಧಕನಾಗಿ ಮಾಜಿ ಸೈನಿಕ ಬರಲಿ. ಮಿತಿ ದಾಟಿ ಮೇಷ್ಟ್ರ ಜಾಗಕ್ಕೇ ಬಂದರೆ ನಾವು 1920ಕ್ಕೆ ಹಿಂದಿನ ಡ್ರಿಲ್ ಮೇಷ್ಟ್ರಿಗೆ ವಾಪಸಾಗುತ್ತೇವೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ತೊಡಕು ಬೇರೆ ಕಡೆ ಇದೆ. ದಳದ ಅಧಿಕಾರಿಯಾಗಲು ಕಾಯಂ ಶಿಕ್ಷಕರೇ ಬೇಕು. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಪಾಠ ನಡೆಯುತ್ತಿರುವುದು ಅತಿಥಿ ಶಿಕ್ಷಕರಿಂದ. ಕಾಂಪ್ಟಿಗೆ ಅವರನ್ನು ಕಳಿಸುವಂತಿಲ್ಲ. ತರಬೇತಿ ಮುಗಿಸಿ ಬಂದ ಮೇಷ್ಟ್ರು ಕೌನ್ಸೆಲಿಂಗ್‌ನಲ್ಲಿ ವರ್ಗವಾಗಿ ದಳವೇ ಇಲ್ಲದ ಶಾಲೆಗೆ ಹೋದರೆ ಅವರ ಹೆಗಲ ಮೇಲಿನ ಹುದ್ದೆಗೂ ಅರ್ಥವಿಲ್ಲ, ಬಿಟ್ಟುಹೋದ ಮಕ್ಕಳಿಗೂ ದಿಕ್ಕಿಲ್ಲ. ಆಗ ಇನ್ನೊಬ್ಬ ಶಿಕ್ಷಕರನ್ನು ಕೇರ್‌ಟೇಕರ್ ಎಂದು ಹೆಸರಿಸುತ್ತಾರೆ. ಪಟ್ಟಿಗೆ ಸಹಿ ಬೀಳುತ್ತದೆ, ಎ ಸರ್ಟಿಫಿಕೇಟಿನ ಪರೀಕ್ಷೆಯೂ ಹೇಗೋ ನಡೆಯುತ್ತದೆ. ಕೆಡೆಟ್ ಸ್ಥಾನ ಎಷ್ಟು ಹೆಚ್ಚಿತು ಎಂದು ದೆಹಲಿ ಲೆಕ್ಕ ಹಾಕುವಾಗ, ತರಬೇತಿ ಪಡೆದ ಶಿಕ್ಷಕರನ್ನು ದಳವಿರುವ ಶಾಲೆಗೇ ವರ್ಗ ಮಾಡಬೇಕೆಂಬ ಒಂದು ನಿಯಮವನ್ನು ಬೆಂಗಳೂರಿನ ಶಿಕ್ಷಣ ಇಲಾಖೆ ಬಿಗಿಯಾಗಿ ಪಾಲಿಸಿದರೆ, ಕುಡತಿನಿಯಂಥ ಊರಿಗೆ ಅದರಿಂದ ಆಗುವ ಲಾಭ ಮೂರು ಲಕ್ಷದ ಪಾಲಿಗಿಂತ ದೊಡ್ಡದು.