ರೆಕ್ಕೆಯೊಳಗಿನ ದೂರ

ದೂರಗಾಮಿ ಬಿಸಿನೆಸ್ ಜೆಟ್ ಎಂದೊಡನೆ ಚರ್ಮದ ಸೀಟು, ಮಲಗುವ ಕೋಣೆಗಳ ವರ್ಣನೆ ಶುರುವಾಗುತ್ತದೆ. ನನಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ಅದರ ತೂಕದ ಲೆಕ್ಕ. ಗಲ್ಫ್‌ಸ್ಟ್ರೀಮ್ ಜಿ650ಇಆರ್ ಗರಿಷ್ಠ ಭಾರ ಹೊತ್ತು ನೆಲ ಬಿಡುವಾಗ ಸುಮಾರು 47 ಟನ್ ತೂಗುತ್ತದೆ. ಅದರಲ್ಲಿ ಇಂಧನವೇ 22 ಟನ್ ಹತ್ತಿರ. ಎಂಟು ಮಂದಿ ಲಗೇಜಿನೊಂದಿಗೆ ಹತ್ತಿದರೂ ಒಂದು ಟನ್ ಆಸುಪಾಸು. ಇಷ್ಟರಲ್ಲಿ ಅದು ಹಾರಬಲ್ಲದ್ದು ಸುಮಾರು 13,900 ಕಿ.ಮೀ. ಏರ್ ಇಂಡಿಯಾ 2021ರ ಜನವರಿಯಲ್ಲಿ ಆರಂಭಿಸಿದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟದ ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದಕ್ಕೆ ಬಳಸಿದ ಬೋಯಿಂಗ್ 777ರ ಗರಿಷ್ಠ ತೂಕ ಸುಮಾರು 347 ಟನ್. ಇಷ್ಟು ಚಿಕ್ಕ ಒಡಲಿನಲ್ಲಿ ಅಷ್ಟು ಇಂಧನವನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಎಂಜಿನಿಯರುಗಳು ಹುಡುಕುತ್ತ ಬಂದ ಉತ್ತರಗಳೇ ಈ ವಿಮಾನಗಳ ಚರಿತ್ರೆ.

ಮೊದಲ ಉತ್ತರಗಳು ವಿಮಾನದ ಹೊರಗೇ ಕಾಣುತ್ತಿದ್ದವು. ಲಾಕ್‌ಹೀಡ್‌ನಲ್ಲಿ ಕೆಲ್ಲಿ ಜಾನ್ಸನ್ ತಂಡ ರೂಪಿಸಿದ ಜೆಟ್‌ಸ್ಟಾರ್ 1957ರ ಸೆಪ್ಟೆಂಬರಿನಲ್ಲಿ ಹಾರಿತು. ಅದರ ಎರಡೂ ರೆಕ್ಕೆಗಳಿಗೆ ದೊಡ್ಡ ಇಂಧನ ಟ್ಯಾಂಕ್‌ಗಳು ಅಂಟಿಕೊಂಡಿದ್ದವು. 1963ರ ಲಿಯರ್‌ಜೆಟ್ 23ರಲ್ಲಿ ಅವು ರೆಕ್ಕೆಯ ತುದಿಗೆ ಹೋದವು. ಇದರಲ್ಲಿ ಒಂದು ಜಾಣತನವಿತ್ತು. ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸುತ್ತದೆ, ಅಲ್ಲೇ ಇರುವ ಇಂಧನದ ಭಾರ ಅದನ್ನು ಕೆಳಕ್ಕೆ ಒತ್ತುತ್ತದೆ. ರೆಕ್ಕೆಯ ಬುಡಕ್ಕೆ ಬೀಳುವ ಒತ್ತಡ ತಗ್ಗುತ್ತದೆ. ಹೊರಗಿನ ಟ್ಯಾಂಕು ಗಾಳಿಗೆ ಅಡ್ಡ ಬರುತ್ತದೆ ಎಂಬುದೇ ಅದರ ದೋಷ.

ಎಂಜಿನ್ನುಗಳು ಬಾಲದ ಬಳಿ ಬಂದದ್ದೂ ಆ ಕಾಲದಲ್ಲೇ. ಚಿಕ್ಕ ವಿಮಾನದ ರೆಕ್ಕೆ ನೆಲಕ್ಕೆ ತೀರ ಹತ್ತಿರ; ಅದರಡಿ ಎಂಜಿನ್ ತೂಗುಹಾಕಲು ಜಾಗವಿಲ್ಲ. ಹಿಂದಕ್ಕೆ ಒಯ್ದರೆ ರೆಕ್ಕೆ ನಯವಾಗಿ ಉಳಿಯುತ್ತದೆ, ಕ್ಯಾಬಿನ್ನಿನಲ್ಲಿ ಸದ್ದೂ ಕಡಿಮೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಭಾರ ಹಿಂದೆ ಸರಿದಂತೆ ರೆಕ್ಕೆಯೂ ಹಿಂದೆ ಸರಿಯಬೇಕು. ಎಂಜಿನ್ನಿನ ಉಗುಳುಗಾಳಿ ತಾಗದಂತೆ ಬಾಲದ ಅಡ್ಡರೆಕ್ಕೆ ಮೇಲೇರಬೇಕು. ಈ ವಿಮಾನಗಳ ಉದ್ದನೆಯ ಮುಂಭಾಗ, ಹಿಂದೆ ಸರಿದ ರೆಕ್ಕೆ, ಎತ್ತರದ ಬಾಲ ಎಲ್ಲಕ್ಕೂ ಕಾರಣ ಅದೊಂದೇ ನಿರ್ಧಾರ.

1966ರ ಅಕ್ಟೋಬರಿನಲ್ಲಿ ಹಾರಿದ ಗ್ರಮ್ಮನ್ ಗಲ್ಫ್‌ಸ್ಟ್ರೀಮ್ II ಈ ರೂಪವನ್ನು ಗಟ್ಟಿಮಾಡಿತು. ಅದೇ ಕಂಪನಿಯ ಹಿಂದಿನ ಟರ್ಬೊಪ್ರಾಪ್ (ಪ್ರೊಪೆಲರ್) ವಿಮಾನದ ದುಂಡನೆಯ ಒಡಲು, ದೊಡ್ಡ ಅಂಡಾಕಾರದ ಕಿಟಕಿಗಳು ಹಾಗೇ ಉಳಿದವು. ರೋಲ್ಸ್‌ರಾಯ್ಸ್ ಸ್ಪೇ ಎಂಜಿನ್‌ಗಳು ಹಿಂದೆ ಬಂದವು. ಬಾಲ 'ಟಿ' ಆಕಾರ ತಾಳಿತು. ರೆಕ್ಕೆ ನೆಲಹಾಸಿನ ಕೆಳಗೇ ಹಾದುಹೋದದ್ದರಿಂದ ಒಳಗೆ ನಿಂತು ನಡೆದಾಡಬಹುದಿತ್ತು. ಆದರೂ ದೂರ ಸಾಲದೆಂದು ಕೆಲವು ವಿಮಾನಗಳಿಗೆ ಮತ್ತೆ ತುದಿಟ್ಯಾಂಕ್ ಬಂತು. 1979ರ ಗಲ್ಫ್‌ಸ್ಟ್ರೀಮ್ IIIರಲ್ಲಿ ಆ ಜಾಗದಲ್ಲಿ ನಿಂತದ್ದು ನಾಸಾದ ರಿಚರ್ಡ್ ವಿಟ್‌ಕಂಬ್ ಪರಿಶೋಧಿಸಿದ ವಿಂಗ್‌ಲೆಟ್, ಅಂದರೆ ತುದಿಯಲ್ಲಿ ಮೇಲಕ್ಕೆ ನಿಂತ ಪುಟ್ಟ ರೆಕ್ಕೆ. ಇಂಧನ ಹೆಚ್ಚಿಸುವ ಬದಲು ಗಾಳಿಯ ಎಳೆತವನ್ನು ಕಡಿಮೆ ಮಾಡುವ ಈ ದಾರಿ ನನ್ನ ಲೆಕ್ಕದಲ್ಲಿ ಇಡೀ ಚರಿತ್ರೆಯ ದೊಡ್ಡ ತಿರುವು.

ಫ್ರಾನ್ಸಿನ ದಾಸೋ ಬೇರೆ ದಾರಿ ಹಿಡಿಯಿತು. 1976ರ ಫಾಲ್ಕನ್ 50ಕ್ಕೆ ಮೂರು ಎಂಜಿನ್. ನಡುವಿನದಕ್ಕೆ ಗಾಳಿ 'ಎಸ್' ಆಕಾರದ ಕೊಳವೆಯಲ್ಲಿ ಇಳಿದು ಬರುತ್ತದೆ. ಒಂದು ಕೆಟ್ಟರೂ ಎರಡು ಉಳಿಯುತ್ತವೆ ಎಂಬುದು ಸಾಗರ ದಾಟುವವರಿಗೆ ಸಣ್ಣ ಧೈರ್ಯವಲ್ಲ. ಇದೇ ಕಂಪನಿಯ 7ಎಕ್ಸ್ 2005ರಲ್ಲಿ ಸಂಪೂರ್ಣ ಫ್ಲೈ-ಬೈ-ವೈರ್ (ಪೈಲಟ್‌ನ ಆಜ್ಞೆಯನ್ನು ವಿದ್ಯುತ್ ಸಂಕೇತವಾಗಿ ಸಾಗಿಸುವ) ನಿಯಂತ್ರಣವಿರುವ ಮೊದಲ ಬಿಸಿನೆಸ್ ಜೆಟ್ ಆಗಿ ಹಾರಿತು.

12,000 ಕಿ.ಮೀ. ಆಸುಪಾಸಿನ ಸ್ಪರ್ಧೆ ಶುರುವಾದದ್ದು 1990ರ ದಶಕದಲ್ಲಿ. ಗಲ್ಫ್‌ಸ್ಟ್ರೀಮ್ V 1995ರ ನವೆಂಬರಿನಲ್ಲಿ ಹಾರಿತು, ಬೊಂಬಾರ್ಡಿಯರ್ ಗ್ಲೋಬಲ್ ಎಕ್ಸ್‌ಪ್ರೆಸ್ ಮರುವರ್ಷದ ಅಕ್ಟೋಬರಿನಲ್ಲಿ. ದೂರದಿಂದ ಅವಳಿಗಳಂತೆ ಕಾಣುವ ಇವುಗಳ ರೆಕ್ಕೆಯಂಚಿನಲ್ಲಿ ಎರಡು ಬೇರೆ ಬೇರೆ ಮತಗಳಿವೆ. ಗ್ಲೋಬಲ್‌ನ ರೆಕ್ಕೆಯ ಮುಂದಿನ ಅಂಚಿನಲ್ಲಿ ಸ್ಲ್ಯಾಟ್‌ಗಳಿವೆ. ಇಳಿಯುವಾಗ ಅವು ಮುಂದೆ ಚಾಚಿ ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುತ್ತವೆ. ಗಲ್ಫ್‌ಸ್ಟ್ರೀಮ್ ಅವನ್ನು ಬೇಡವೆಂದಿತು. ಯಂತ್ರಭಾಗ ಕಡಿಮೆ, ತೂಕ ಕಡಿಮೆ, ಟ್ಯಾಂಕಿಗೆ ಜಾಗ ಹೆಚ್ಚು. ಗ್ಲೋಬಲ್ ರೆಕ್ಕೆಯ ಜೊತೆಗೆ ಒಡಲಿನ ಹಿಂಭಾಗದಲ್ಲೂ ಇಂಧನ ಇಟ್ಟಿತು. ಗಲ್ಫ್‌ಸ್ಟ್ರೀಮ್ ಎಲ್ಲವನ್ನೂ ರೆಕ್ಕೆಯಲ್ಲೇ ತುಂಬಿತು. ಈ ಹಟದ ಫಲ 2014ರಲ್ಲಿ ಕಂಡಿತು. ಜಿ650ರ ರೆಕ್ಕೆಯೊಳಗೆ ಉಳಿದಿದ್ದ ಜಾಗಕ್ಕೆ ಇನ್ನೂ 1.8 ಟನ್ ಇಂಧನ ತುಂಬಿ, ಹೊರರೂಪ ಬದಲಿಸದೆಯೇ ಸುಮಾರು 900 ಕಿ.ಮೀ. ಹೆಚ್ಚಿಸಿದರು. ಇಆರ್ ಎಂಬ ಮಾದರಿ ಹುಟ್ಟಿದ್ದು ಹಾಗೆ.

ದೂರ ಹೆಚ್ಚಿದಂತೆ ಮನುಷ್ಯನ ದೇಹವೇ ಮಿತಿಯಾಯಿತು. ಹದಿನಾಲ್ಕು ಗಂಟೆ ತೆಳುಗಾಳಿಯಲ್ಲಿ ಕೂತವನಿಗೆ ಯಾವ ಸೀಟೂ ಸುಖ ಕೊಡದು. ವಿಮಾನದ ಕ್ಯಾಬಿನ್ ಗಾಳಿ 8,000 ಅಡಿ ಎತ್ತರದ ಗಾಳಿಗಿಂತ ತೆಳುವಾಗಿರಬಾರದು ಎಂಬುದು ಸಾಮಾನ್ಯ ನಿಯಮ. ಅದು ಊಟಿಗಿಂತಲೂ ಎತ್ತರ. ಜಿ650 ವಿಮಾನ 51,000 ಅಡಿಯಲ್ಲಿ ಹಾರುವಾಗಲೂ ಒಳಗಿನ ಗಾಳಿ 5,000 ಅಡಿಗಿಂತ ಕೆಳಗಿನದು, ನಮ್ಮ ಕೆಮ್ಮಣ್ಣುಗುಂಡಿಯ ಮಟ್ಟದ್ದು. ಇದಕ್ಕಾಗಿ ಒಡಲಿನ ಪ್ರತಿ ಚದರ ಮೀಟರ್ ತಗಡು ಒಳಗಿನಿಂದ ಸುಮಾರು ಏಳೂವರೆ ಟನ್ ಒತ್ತಡ ತಡೆಯಬೇಕು. ದುಂಡನೆಯ ಕೊಳವೆಗೆ ಅದು ಸಲೀಸು. ಆದರೆ ಭುಜಕ್ಕೂ ತಲೆಗೂ ಜಾಗ ಸಿಗಲೆಂದು ಜಿ650 ದುಂಡನೆಯ ಒಡಲನ್ನೇ ಕೈಬಿಟ್ಟಿತು. ಆಕಾರ ದುಂಡಗಿಲ್ಲದಿದ್ದರೆ ತಗಡು ಹಿಗ್ಗುವುದಷ್ಟೇ ಅಲ್ಲ, ಬಾಗಲೂ ನೋಡುತ್ತದೆ. 1.91 ಮೀಟರ್ ಎತ್ತರ, ಸುಮಾರು 2.5 ಮೀಟರ್ ಅಗಲದ ಆ ಕ್ಯಾಬಿನ್ ಈ ಬಲವನ್ನು ಎದುರಿಸಿ ನಿಂತದ್ದು. ಮಲಗುವ ಕೋಣೆಗಿಂತ ಸಾವಿರ ಪಾಲು ಮಿಗಿಲಾದ ಸಾಧನೆ ಇದು.

ಒಳಗಿನ ಏರ್ಪಾಟು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಕಾಕ್‌ಪಿಟ್ ಹಿಂದೆ ಬಾಗಿಲು, ಸಿಬ್ಬಂದಿಯ ವಿಶ್ರಾಂತಿ ಜಾಗ, ಎದುರುಬದುರು ನಾಲ್ಕು ಸೀಟು, ಊಟದ ಮೇಜು, ಹಿಂದೆ ಮಲಗುವ ಜಾಗ, ಶೌಚಾಲಯ. ಅದರಾಚೆ ಲಗೇಜು; ಗಲ್ಫ್‌ಸ್ಟ್ರೀಮ್‌ನಲ್ಲಿ ಹಾರಾಟದ ನಡುವೆಯೂ ಅಲ್ಲಿಗೆ ಹೋಗಬಹುದು. 2018ರಲ್ಲಿ ಸೇವೆಗೆ ಬಂದ ಗ್ಲೋಬಲ್ 7500 ಇದನ್ನು ನಾಲ್ಕು ವಿಭಾಗಗಳಿಗೆ ಹಿಗ್ಗಿಸಿತು.

ಲೋಹ ಮಾತ್ರ ಸುಲಭವಾಗಿ ಜಾಗ ಬಿಟ್ಟುಕೊಟ್ಟಿಲ್ಲ. ಜಿ650ರ ಒಡಲೂ ರೆಕ್ಕೆಯೂ ಮುಖ್ಯವಾಗಿ ಅಲ್ಯೂಮಿನಿಯಮ್ಮಿನವು. ಬಾಲದಲ್ಲಿ ಚಲಿಸುವ ಹಲಗೆಗಳಾದ ರಡ್ಡರ್, ಎಲಿವೇಟರ್‌ಗಳನ್ನು ನೆದರ್ಲೆಂಡ್ಸಿನ ಫೊಕ್ಕರ್ ಥರ್ಮೊಪ್ಲಾಸ್ಟಿಕ್ ನಾರುಹಾಳೆಗಳನ್ನು ಬೆಸೆದು ಮಾಡಿತು. ಇಡೀ ರೆಕ್ಕೆಯನ್ನೇ ಕಾರ್ಬನ್ ನಾರಿನಲ್ಲಿ ಕಟ್ಟಲು ಮುಂದಾದದ್ದು ದಾಸೋ, 2021ರಲ್ಲಿ ಘೋಷಿಸಿದ ಫಾಲ್ಕನ್ 10ಎಕ್ಸ್‌ಗಾಗಿ. ಮೂರನೆಯ ಎಂಜಿನ್ನನ್ನು ಅದರಲ್ಲಿ ಕೈಬಿಟ್ಟಿದೆ. ಅತ್ತ ಬೊಂಬಾರ್ಡಿಯರ್ ಗ್ಲೋಬಲ್ 8000ಕ್ಕೆ ಗೊತ್ತುಮಾಡಿದ ದೂರ 8,000 ನಾಟಿಕಲ್ ಮೈಲಿ, ಅಂದರೆ 14,800 ಕಿ.ಮೀ.; ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ ಮೇಲೂ ಅದರ ಟ್ಯಾಂಕಿನಲ್ಲಿ ಇಂಧನ ಉಳಿದಿರುತ್ತದೆ.